ಚಳಿನಾಡಿನ ಬಾಳು ಮತ್ತು ಮನುಷ್ಯನ ನಡೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಗಡಿಯ ಈ ಊರಿನಲ್ಲಿ ಕನ್ನಡದ ಹೆಸರಿನಲ್ಲಿ ವರ್ಷವರ್ಷವೂ ತಪ್ಪದೆ ಸೇರುವ ಈ ಸಭೆಯಲ್ಲಿ ನಾಲ್ಕು ಮಾತುಗಳನ್ನಾಡಲು ನನಗೆ ಅವಕಾಶವಿತ್ತ ತಮಗೆಲ್ಲರಿಗೂ ನಾನು ಕೃತಜ್ಞನಾಗಿದ್ದೇನೆ. ನಾನು ಆರಿಸಿಕೊಂಡ ವಿಷಯವನ್ನು ಕೇಳಿ ತಮ್ಮಲ್ಲಿ ಕೆಲವರು ನಕ್ಕಿರಲೂಬಹುದು. ಮಡಕಶಿರದ ಬಿಸಿಲಿನಲ್ಲಿ ನಿಂತು ಚಳಿಯ ಮಾತೇಕೆ? ಮಳೆಯ ಮೋಡಕ್ಕಾಗಿ ಆಕಾಶ ನೋಡುವ ಜನರಿಗೆ ಹಿಮದ ಕಥೆಯಿಂದ ಏನು ಪ್ರಯೋಜನ? ಈ ಪ್ರಶ್ನೆ ನ್ಯಾಯವಾದುದೇ. ಆದರೆ ಇಂದು ಚಳಿನಾಡು ನಮ್ಮ ಮನೆಗಳಿಗೆ ದೂರವಾಗಿ ಉಳಿದಿಲ್ಲ. ನಮ್ಮ ಕಡೆಯ ಮಕ್ಕಳು ಓದಿಗಾಗಿ, ಉದ್ಯೋಗಕ್ಕಾಗಿ ಕೆನಡಾ, ಅಮೆರಿಕ, ಯೂರೋಪುಗಳ ಹಿಮಪ್ರದೇಶಗಳಿಗೆ ಹೋಗುತ್ತಿದ್ದಾರೆ. ಕನ್ನಡನಾಡಿನ ಬಿಸಿಲೂರುಗಳ ತರುಣರು ಸೈನಿಕರಾಗಿ ಹಿಮಾಲಯದ ತುದಿಯಲ್ಲಿ ಕಾವಲು ನಿಲ್ಲುತ್ತಾರೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ನಿನ ಹಿಮಕುಸಿತದಲ್ಲಿ ಸಿಲುಕಿ, ಆರು ದಿನಗಳ ಮೇಲೆ ಜೀವಂತವಾಗಿ ಹೊರತೆಗೆಯಲ್ಪಟ್ಟು, ಕಡೆಗೆ ಅಸುನೀಗಿದ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರು ಧಾರವಾಡ ಜಿಲ್ಲೆಯ ಬೆಟದೂರಿನವರು. ಇವೆಲ್ಲಕ್ಕಿಂತ ಮಿಗಿಲಾದ ಇನ್ನೊಂದು ಕಾರಣವುಂಟು. ನಮ್ಮ ನುಡಿಗೆ ತೀರ ಹತ್ತಿರದ ನುಡಿಯನ್ನಾಡುವ ಒಂದು ಜನಸಮುದಾಯ ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಚಳಿಯ ಬೆಟ್ಟದ ಮೇಲೆ, ಹೊರಜಗತ್ತಿಗೆ ದೂರವಾಗಿ, ಬಾಳಿ ತೋರಿಸಿದೆ. ನೀಲಗಿರಿಯ ಬಡಗರೇ ಆ ಜನ. ಅವರ ಬಾಳಿನ ಮೂಲಕ ಈ ವಿಷಯವನ್ನು ನೋಡಿದರೆ ಅದು ನಮ್ಮ ಬಾಳಿನ ಮಾತೂ ಆಗುವುದೆಂದು ನಾನು ನಂಬಿದ್ದೇನೆ.

ಹವೆಯು ಮನುಷ್ಯನ ಸ್ವಭಾವವನ್ನು ನಿರ್ಮಿಸುತ್ತದೆ ಎಂಬ ಮಾತು ಬಹು ಹಳೆಯದು. 1748ರಲ್ಲಿ ಫ್ರಾನ್ಸಿನ ಮಾಂಟೆಸ್ಕ್ಯೂ ಎಂಬ ತತ್ತ್ವಜ್ಞಾನಿಯು ಕಾನೂನುಗಳನ್ನು ಕುರಿತು ಬರೆದ ತನ್ನ ಮಹಾಗ್ರಂಥದಲ್ಲಿ ಇದನ್ನು ಒಂದು ಸಿದ್ಧಾಂತವಾಗಿಯೇ ನಿಲ್ಲಿಸಿದನು. ಕುರಿಯ ನಾಲಗೆಯೊಂದನ್ನು ಹೆಪ್ಪುಗಟ್ಟಿಸಿ, ಅದರ ಮೇಲಿನ ಸಣ್ಣ ಗುಳ್ಳೆಗಳು ಚಳಿಗೆ ಕುಗ್ಗುವುದನ್ನು ಕಂಡು, ಚಳಿಯ ದೇಶದ ಜನರಿಗೆ ಸುಖದುಃಖಗಳ ಅರಿವು ಮಂದವೆಂದೂ, ಆದರೆ ಮೈಯಲ್ಲಿ ಕಸುವು ಹೆಚ್ಚೆಂದೂ ಆತನು ತರ್ಕಿಸಿದನು. ಬಿಸಿಲ ನಾಡಿನವರು ಸೋಮಾರಿಗಳು, ದಾಸ್ಯಕ್ಕೆ ಒಗ್ಗುವವರು ಎಂಬ ತೀರ್ಪೂ ಅದರ ಹಿಂದೆಯೇ ಬಂದಿತು. ನಮ್ಮನ್ನಾಳಲು ಬಂದವರಿಗೆ ಈ ಸಿದ್ಧಾಂತ ಎಷ್ಟು ಅನುಕೂಲವಾಗಿದ್ದಿತೆಂಬುದನ್ನು ನಾನು ಬಿಡಿಸಿ ಹೇಳಬೇಕಾದುದಿಲ್ಲ. ಬಿರುಬಿಸಿಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಡಲೆಕಾಯಿ ಕೀಳುವ ನಮ್ಮ ಹೆಣ್ಣುಮಕ್ಕಳನ್ನು ಒಮ್ಮೆ ಕಂಡಿದ್ದರೂ ಆತನು ಆ ವಾಕ್ಯವನ್ನು ಬರೆಯಲು ಹಿಂಜರಿಯುತ್ತಿದ್ದನೋ ಏನೋ! ಅದಿರಲಿ. ಚಳಿಯೂ ಏಕಾಂತವೂ ಮನುಷ್ಯನ ನಡೆಯನ್ನು ತಿದ್ದುವುದು ನಿಜವೇ? ನಿಜವಾದರೆ ಎಷ್ಟರಮಟ್ಟಿಗೆ? ಇದು ನಮ್ಮ ಇಂದಿನ ಪ್ರಶ್ನೆ.

ಮೊದಲು ಸ್ಥಳವನ್ನು ನೋಡೋಣ. ಮೈಸೂರು ಸೀಮೆಯ ದಕ್ಷಿಣದಲ್ಲಿ ಕೋಟೆಯ ಗೋಡೆಯಂತೆ ಎದ್ದುನಿಂತಿರುವ ನೀಲಗಿರಿಯು ಇಂದು ತಮಿಳುನಾಡಿನ ಒಂದು ಜಿಲ್ಲೆ. ಅದರ ಎತ್ತರದ ಶಿಖರವಾದ ದೊಡ್ಡಬೆಟ್ಟ 2,637 ಮೀಟರುಗಳಷ್ಟು ಎತ್ತರವಿದೆ. ‘ದೊಡ್ಡಬೆಟ್ಟ’ ಎಂಬ ಹೆಸರಿಗೆ ಇಲ್ಲಿ ಅರ್ಥ ಹೇಳುವ ಅಗತ್ಯವಿಲ್ಲವಷ್ಟೆ. ಡಿಸೆಂಬರ್, ಜನವರಿಗಳ ರಾತ್ರಿಯಲ್ಲಿ ಅಲ್ಲಿ ಚಳಿ ಶೂನ್ಯದ ಹತ್ತಿರಕ್ಕಿಳಿಯುತ್ತದೆ. ಬೆಳಗಾಗುವಾಗ ತಗ್ಗಿನ ಹುಲ್ಲಿನ ಮೇಲೆ ಇಬ್ಬನಿಯು ಬಿಳಿಯ ಉಪ್ಪಿನಂತೆ ಹೆಪ್ಪುಗಟ್ಟಿರುತ್ತದೆ. ಮಳೆಗಾಲವೆಂದರೆ ದಿನಗಟ್ಟಲೆ ಮಂಜು ಮುಸುಕಿ ಎದುರು ಮನೆಯೂ ಕಾಣದ ಕಾಲ. ಧ್ರುವಪ್ರದೇಶದ ಘೋರ ಶೀತವಲ್ಲ ಇದು, ನಿಜ. ಆದರೆ ಬಯಲುನಾಡಿನಿಂದ ಹೋದ ರೈತನಿಗೆ, ಗಾಡಿಯ ದಾರಿಯೇ ಇಲ್ಲದಿದ್ದ ಕಾಲದಲ್ಲಿ, ಇದೊಂದು ಬೇರೆಯೇ ಜಗತ್ತಾಗಿದ್ದಿತು.

ಅಲ್ಲಿಗೆ ಬಡಗರು ಹೋದದ್ದು ಯಾವಾಗ? ‘ಬಡಗ’ ಎಂದರೆ ಬಡಗಣ ದಿಕ್ಕಿನವನು, ಉತ್ತರದಿಂದ ಬಂದವನು. ಅವರ ಹೆಸರೇ ಅವರ ಬರವಿನ ಕಥೆಯನ್ನು ಹೇಳುತ್ತದೆ. 1565ರಲ್ಲಿ ವಿಜಯನಗರವು ಬಿದ್ದ ಮೇಲೆ ಉಂಟಾದ ಕ್ಷೋಭೆಯ ದಿನಗಳಲ್ಲಿ ಮೈಸೂರು ಸೀಮೆಯಿಂದ ಗುಂಪುಗುಂಪಾಗಿ ಅವರು ಬೆಟ್ಟ ಹತ್ತಿದರೆಂದು ಬಡಗರ ಇತಿಹಾಸವನ್ನು ಬಹುಕಾಲ ಅಭ್ಯಸಿಸಿದ ಪಾಲ್ ಹಾಕಿಂಗ್ಸ್ ಮೊದಲಾದ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. 1603ರಲ್ಲಿ ಕೇರಳದ ಕಡೆಯಿಂದ ಬೆಟ್ಟವನ್ನೇರಿದ ಫೆನಿಷಿಯೋ ಎಂಬ ಜೆಸ್ಯೂಟ್ ಪಾದ್ರಿಯು ತಾನು ಅಲ್ಲಿ ಬಡಗರನ್ನೂ ತೋಡರನ್ನೂ ಕಂಡುದಾಗಿ ಬರೆದಿಟ್ಟನು. ಅಂದರೆ ಆ ವೇಳೆಗೆ ಅವರು ಅಲ್ಲಿ ನೆಲೆಸಿಯಾಗಿತ್ತು. ಭಾಷೆಯೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಹಳಗನ್ನಡದ ‘ಪ’ಕಾರವು ನಡುಗನ್ನಡದಲ್ಲಿ ‘ಹ’ಕಾರವಾಯಿತೆಂಬುದನ್ನು ನಮ್ಮ ಪ್ರೌಢಶಾಲೆಯ ಮಕ್ಕಳೂ ಬಲ್ಲರು; ‘ಪಾಲು’ ‘ಹಾಲಾ’ದದ್ದು ಹಾಗೆ. ಬಡಗ ನುಡಿಯಲ್ಲಿ ಕೇಳಿಬರುವುದು ಈ ಹೊಸ ‘ಹ’ಕಾರವೇ, ಅವರ ಊರು ‘ಹಟ್ಟಿ’, ಅವರ ಉತ್ಸವ ‘ಹಬ್ಬ’. ಆದುದರಿಂದ ಈ ಮಾರ್ಪಾಟು ನಡೆದ ಮೇಲೆಯೇ ಅವರು ಕನ್ನಡನಾಡನ್ನು ಬಿಟ್ಟರೆಂದು ಊಹಿಸಬಹುದು. ಅದೇ ನುಡಿಯಲ್ಲಿ, ನಾಲಗೆಯನ್ನು ಮಡಿಸಿ ಉಚ್ಚರಿಸುವ ವಿಚಿತ್ರ ಸ್ವರಗಳು ಇವೆಯೆಂದು ಎಮೆನೋ ಎಂಬ ಭಾಷಾಶಾಸ್ತ್ರಜ್ಞರು 1939ರಲ್ಲಿ ತೋರಿಸಿಕೊಟ್ಟರು. ಇಂದಿನ ಶಾಸ್ತ್ರಜ್ಞರಲ್ಲಿ ಬಹುಮಂದಿ ಬಡಗವನ್ನು ಒಂದು ಸ್ವತಂತ್ರ ಭಾಷೆಯೆಂದೇ ಗಣಿಸುತ್ತಾರೆ. ಬಡಗರಲ್ಲಿಯೂ ಅನೇಕರ ಭಾವನೆ ಅದೇ. ಅವರನ್ನು ನಮ್ಮ ಲೆಕ್ಕಕ್ಕೆ ಸೇರಿಸಿಕೊಂಡು ಹಿಗ್ಗುವುದು ನನ್ನ ಉದ್ದೇಶವಲ್ಲ. ಒಡಹುಟ್ಟಿದವರು ಬೇರೆ ಮನೆ ಹೂಡಿದ ಮೇಲೆ ಆ ಮನೆಯ ಗೌರವ ಅವರದು.

ಬಯಲಿನ ಒಕ್ಕಲಿಗನು ಚಳಿಯ ಬೆಟ್ಟದ ಮೇಲೆ ಬಾಳಬೇಕಾದಾಗ ಆತನ ನಡೆಯಲ್ಲಿ ಏನೇನು ಮಾರ್ಪಾಟಾಗುತ್ತದೆ? ಮೊದಲನೆಯದಾಗಿ ಮನೆ. ಬಡಗರ ಹಳೆಯ ಹಟ್ಟಿಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿರುತ್ತವೆ. ಒಂದು ಮನೆಯ ಗೋಡೆಯೇ ಪಕ್ಕದ ಮನೆಗೂ ಗೋಡೆ. ಮುಂದೆ ಎಲ್ಲರಿಗೂ ಸೇರಿದ ಒಂದೇ ಅಂಗಳ. ಗಾಳಿಗೆ ಬೆನ್ನುಮಾಡಿ ಒಟ್ಟಿಗೆ ನಿಂತ ದನಗಳಂತೆ ಮನೆಗಳೂ ಒಟ್ಟಿಗೆ ನಿಂತು ಬಿಸುಪನ್ನು ಉಳಿಸಿಕೊಳ್ಳುತ್ತವೆ. ಇಂತಹ ಸಾಲಿನಲ್ಲಿ ಬಾಳುವವನು ಗುಟ್ಟಾಗಿ ಜಗಳವಾಡಲಾರ, ಗುಟ್ಟಾಗಿ ಉಣ್ಣಲಾರ. ಒಬ್ಬರ ಒಲೆ ಉರಿಯದಿದ್ದರೆ ಅದು ಸಾಲಿಗೆಲ್ಲ ತಿಳಿಯುತ್ತದೆ. ಎರಡನೆಯದಾಗಿ ಕೂಡಿಡುವ ಬುದ್ಧಿ. ರಾಗಿ, ಸಾಮೆ, ಬಾರ್ಲಿ, ಗೋಧಿ, ‘ಕೊರಲಿ’ಯೆಂಬ ಕಿರುಧಾನ್ಯ, ಇವು ಅವರ ಹಿಂದಿನ ಬೆಳೆಗಳು. ಕೊರಲಿಯ ಹೆಸರು ಕೇಳಿದರೆ ನಮ್ಮ ಸೀಮೆಯ ಕೊರಲೆ ನೆನಪಾಗದಿರದು. ಮಂಜು ಬಿದ್ದು ಪೈರು ಸುಟ್ಟರೆ ಕೆಳಗಿನಿಂದ ಧಾನ್ಯ ಹೊತ್ತು ತರುವ ದಾರಿ ಸುಲಭವಾಗಿರಲಿಲ್ಲ. ಆದಕಾರಣ ಒಕ್ಕಿದ ದಿನವೇ ಮುಂದಿನ ವರ್ಷವನ್ನು ನೆನೆಯಬೇಕಾಗಿತ್ತು. ಮಳೆಗಾಲಕ್ಕೆ ಮುಂಚೆ ಸೌದೆಯನ್ನು ಒಟ್ಟಬೇಕಾಗಿತ್ತು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಪರಸ್ಪರಾವಲಂಬನ. ಆ ಬೆಟ್ಟದ ಮೇಲೆ ಬಡಗರಲ್ಲದೆ ಇತರ ಜನರೂ ಇದ್ದರು. ತೋಡರು ಎಮ್ಮೆ ಸಾಕುವವರು. ಕೋತರು ಏಳು ಊರುಗಳಲ್ಲಿ ನೆಲೆಸಿ ಕಬ್ಬಿಣ, ಮರ, ಮಣ್ಣುಗಳ ಕೆಲಸ ಮಾಡುವವರು, ವಾದ್ಯ ನುಡಿಸುವವರು. ಕುರುಂಬರು ಕಾಡಿನ ಉತ್ಪನ್ನ ತರುವವರು, ಮಂತ್ರಮದ್ದು ಬಲ್ಲವರೆಂದು ಹೆಸರಾದವರು. ಬಡಗರು ಧಾನ್ಯ ಕೊಡುತ್ತಿದ್ದರು. ತೋಡರಿಂದ ತುಪ್ಪ, ಕೋತರಿಂದ ಕುಡುಗೋಲು ಮತ್ತು ಮಡಕೆ, ಕುರುಂಬರಿಂದ ಜೇನು ಮತ್ತು ರಕ್ಷೆ ಬರುತ್ತಿದ್ದುವು. ಪ್ರತಿಯೊಂದು ಬಡಗ ಕುಟುಂಬಕ್ಕೂ ವಂಶಪಾರಂಪರ್ಯವಾಗಿ ಬಂದ ಕೋತ ಸಹಭಾಗಿಯೊಬ್ಬನಿರುತ್ತಿದ್ದನು. ಹಣವಿರಲಿಲ್ಲ, ಸಂತೆಯಿರಲಿಲ್ಲ, ಅವರವರೊಳಗಿನ ಮಾತೇ ನಾಣ್ಯವಾಗಿದ್ದಿತು. ಇದು ಸಮಾನರ ಸ್ನೇಹವೆಂದು ನಾನು ಹೇಳಲಾರೆ. ಮೇಲುಕೀಳಿನ ಭಾವನೆ ಅದರಲ್ಲಿ ಬೇಕಾದಷ್ಟಿದ್ದಿತು. ಆದರೂ ಒಬ್ಬರನ್ನು ಬಿಟ್ಟು ಒಬ್ಬರು ಒಂದು ಚಳಿಗಾಲವನ್ನೂ ಕಳೆಯುವಂತಿರಲಿಲ್ಲ ಎಂಬುದು ಸತ್ಯ.

ಇಂತಹ ಸ್ಥಿತಿಯಲ್ಲಿ ಯಾವ ನಡೆ ಪುಣ್ಯ, ಯಾವುದು ಪಾಪ ಎಂಬ ತೂಕವೂ ಬೇರೆಯಾಗುತ್ತದೆ. ಬಡಗರಲ್ಲಿ ಯಾರಾದರೂ ತೀರಿಕೊಂಡಾಗ ಹಿರಿಯನೊಬ್ಬನು ಸತ್ತವನು ಮಾಡಿರಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಎಣಿಸಿ, ಅವೆಲ್ಲ ಪರಿಹಾರವಾಗಲೆಂದು ಬೇಡುವ ಸಂಪ್ರದಾಯವಿದೆ. ಆ ಪಾಪಗಳ ಹೊರೆಯನ್ನು ಒಂದು ಕರುವಿನ ಮೇಲೆ ಹೊರಿಸುವುದು ಹಿಂದಿನ ಪದ್ಧತಿ. 1871ರಲ್ಲಿ ಚಾರ್ಲ್ಸ್ ಗೋವರ್ ಎಂಬುವರು ದಕ್ಷಿಣ ಭಾರತದ ಜನಪದ ಗೀತೆಗಳ ತಮ್ಮ ಸಂಗ್ರಹದಲ್ಲಿ ಇದರ ಒಂದು ಪಾಠವನ್ನು ಇಂಗ್ಲಿಷಿಗೆ ತಿರುಗಿಸಿ ಅಚ್ಚುಹಾಕಿಸಿದರು. ಆ ಪಟ್ಟಿಯಲ್ಲಿ ಬರುವ ಪಾಪಗಳನ್ನು ಗಮನಿಸಬೇಕು: ಹೊಲದ ಎಲ್ಲೆಕಲ್ಲನ್ನು ಸರಿಸಿದ್ದು, ಸೋದರರ ಮೇಲೆ ಚಾಡಿ ಹೇಳಿದ್ದು, ಮನೆಯ ಹೆಣ್ಣುಮಗಳ ಮೇಲೆ ಹಲ್ಲುಕಡಿದು ರೇಗಿದ್ದು, ಊರಿನ ಜಗಳಕ್ಕೆ ಸರ್ಕಾರದ ನೆರವು ಕರೆದದ್ದು, ಬೆಟ್ಟದಲ್ಲಿ ದಾರಿತಪ್ಪಿ ಬಂದ ಪರಸ್ಥಳದವನಿಗೆ ತಪ್ಪು ದಾರಿ ತೋರಿಸಿದ್ದು. ಬಯಲಿನಲ್ಲಿ ತಪ್ಪು ದಾರಿ ತೋರಿಸಿದರೆ ಒಂದು ಹರಿದಾರಿ ಹೆಚ್ಚು ನಡೆಯಬೇಕಾದೀತು. ಮಂಜು ಕವಿದ ಬೆಟ್ಟದಲ್ಲಿ, ರಾತ್ರಿ ಬೀಳುವ ಹೊತ್ತಿನಲ್ಲಿ, ಅದು ಕೊಲೆಗೆ ಸಮಾನ. ಸಾವಿನ ಮುಂದೆ ಇಡೀ ಹಟ್ಟಿ ನಿಂತು ಇದನ್ನು ಪಾಪವೆಂದು ಕೇಳಿದಾಗ, ಅಲ್ಲಿದ್ದ ಮಕ್ಕಳಿಗೆ ಬೇರೆ ನೀತಿಪಾಠ ಬೇಕಾಗಿರಲಿಲ್ಲ. ಕಲಹವಾಡಿ ದೂರ ಹೋಗಲು ಸ್ಥಳವಿಲ್ಲದ ಜನ ಕೋಪವನ್ನೂ ಚಾಡಿಯನ್ನೂ ಪಾಪವೆಂದು ಎಣಿಸಿದ್ದರಲ್ಲಿ ಆಶ್ಚರ್ಯವೇನು?

ಈಗ ಪ್ರಪಂಚದ ಇನ್ನೊಂದು ತುದಿಗೆ ಹೋಗೋಣ. ಕೆನಡಾದ ಉತ್ತರದಲ್ಲಿ, ವರ್ಷದ ಬಹುಭಾಗ ನೀರೆಲ್ಲ ಕಲ್ಲಾಗಿರುವ ಪ್ರದೇಶದಲ್ಲಿ, ಇನ್ಯುಯಿಟ್ ಜನರ ಒಂದು ಸಣ್ಣ ಗುಂಪಿನೊಡನೆ 1963ರಿಂದ 1965ರವರೆಗೆ ಜೀನ್ ಬ್ರಿಗ್ಸ್ ಎಂಬ ಮಾನವಶಾಸ್ತ್ರಜ್ಞೆ ವಾಸವಾಗಿದ್ದರು. ಒಂದೇ ಹಿಮಮನೆಯಲ್ಲಿ ಒಂದು ಕುಟುಂಬದೊಡನೆ ಅವರ ವಾಸ. ಆ ಜನ ಸಿಟ್ಟನ್ನು ಮಕ್ಕಳಿಗೆ ಮಾತ್ರ ಸಲ್ಲುವ ದೌರ್ಬಲ್ಯವೆಂದು ಭಾವಿಸುತ್ತಿದ್ದರು. ದೊಡ್ಡವರು ದನಿಯೇರಿಸಿದರೆ ಅದು ನಾಚಿಕೆಯ ವಿಷಯ. ಒಮ್ಮೆ ಹೊರಗಿನಿಂದ ಬಂದ ಮೀನುಗಾರರು ಆ ಜನರ ದೋಣಿಯನ್ನು ಎರವಲು ಪಡೆದು ಕೆಡಿಸಿದಾಗ ಬ್ರಿಗ್ಸ್ ಅವರ ಪರವಾಗಿಯೇ ನಿಂತು ರೇಗಿದರು. ಆದರೆ ಆ ಜನ ಅದನ್ನು ಮೆಚ್ಚಲಿಲ್ಲ. ಒಂದು ಕಟುವಾದ ಮಾತನ್ನೂ ಆಡದೆ, ತಿಂಗಳುಗಟ್ಟಲೆ ಆಕೆಯಿಂದ ಮೆಲ್ಲನೆ ದೂರ ಸರಿದರು. ನಾಲ್ಕು ಗೋಡೆಗಳ ಹೊರಗೆ ಸಾವೇ ಕಾದಿರುವಾಗ ಒಳಗಿನ ಒಬ್ಬನ ಸಿಟ್ಟು ಎಲ್ಲರ ಪ್ರಾಣಕ್ಕೂ ಅಪಾಯವೆಂಬ ತಿಳಿವಳಿಕೆ ಅವರ ನಡೆಯಲ್ಲಿ ಬೆರೆತುಹೋಗಿದ್ದಿತು. ನೀಲಗಿರಿಯ ಪಾಪದ ಪಟ್ಟಿಗೂ ಇದಕ್ಕೂ ಎಷ್ಟು ಹತ್ತಿರ!

ಆದರೆ ಇಲ್ಲಿ ನಿಂತು ‘ಚಳಿಯೇ ಸೌಜನ್ಯದ ತಾಯಿ’ ಎಂದು ತೀರ್ಮಾನಿಸಿದರೆ ನಾವೂ ಮಾಂಟೆಸ್ಕ್ಯೂವಿನ ದಾರಿಯನ್ನೇ ಹಿಡಿದಂತಾಗುವುದು. ನೀಲಗಿರಿಯೇ ಅದಕ್ಕೆ ಉತ್ತರ ಹೇಳುತ್ತದೆ. ಒಂದೇ ಬೆಟ್ಟ, ಒಂದೇ ಮಂಜು, ಒಂದೇ ಚಳಿ. ಆದರೆ ಅದರ ಮೇಲೆ ಬಾಳಿದ ಜನರ ರೀತಿಗಳು ನಾಲ್ಕು. ತೋಡರು ಕಮಾನಿನಂತೆ ಬಾಗಿದ ಗುಡಿಸಿಲು ಕಟ್ಟಿ, ತೆವಳಿಕೊಂಡೇ ಒಳಹೋಗಬೇಕಾದ ಪುಟ್ಟ ಬಾಗಿಲಿಟ್ಟು ಬಿಸುಪನ್ನು ಕಾಪಾಡಿದರು. ಬಡಗರು ಸಾಲುಮನೆ ಕಟ್ಟಿ ಕಾಪಾಡಿದರು. ತೋಡರಲ್ಲಿ ಅಣ್ಣತಮ್ಮಂದಿರೆಲ್ಲ ಒಬ್ಬಳನ್ನೇ ವರಿಸುವ ಪದ್ಧತಿ ಹಿಂದೆ ಇದ್ದಿತೆಂಬುದನ್ನು ರಿವರ್ಸ್ ಎಂಬ ವಿದ್ವಾಂಸರು 1906ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಅದೇ ಚಳಿಯಲ್ಲಿ ಬಾಳಿದ ಬಡಗರಲ್ಲಿ ಆ ಪದ್ಧತಿಯಿರಲಿಲ್ಲ. ತೋಡರು ನೆಲವನ್ನು ಉಳಲಿಲ್ಲ, ಬಡಗರು ಉತ್ತರು. ಹವೆಯೊಂದೇ ಮನುಷ್ಯನನ್ನು ರೂಪಿಸುವುದಾಗಿದ್ದರೆ ಈ ವ್ಯತ್ಯಾಸಗಳೆಲ್ಲ ಎಲ್ಲಿಂದ ಬಂದುವು? ಆದುದರಿಂದ ನಾವು ಹೀಗೆ ಹೇಳಬಹುದು: ಹವೆಯು ಮನುಷ್ಯನ ಮುಂದೆ ಪ್ರಶ್ನೆಯನ್ನಿಡುತ್ತದೆ, ಉತ್ತರವನ್ನು ಅವನ ಹಿರಿಯರೂ, ಸಂಪ್ರದಾಯವೂ, ನೆರೆಹೊರೆಯೂ ಕೂಡಿ ಕೊಡುತ್ತವೆ.

ಆ ಉತ್ತರಗಳೆಲ್ಲ ಒಳ್ಳೆಯವೇ ಆಗಿರುತ್ತವೆಂದೂ ಇಲ್ಲ. ಹೊರಗಿನ ಗಾಳಿ ಬೀಸದ ಸಮಾಜದಲ್ಲಿ ಸಂಶಯವೂ ಬೇಗ ಬೆಳೆಯುತ್ತದೆ. ಹಸು ಸತ್ತರೆ, ಕೂಸಿಗೆ ಜ್ವರ ಬಂದರೆ, ಬಡಗರು ಕುರುಂಬರ ಮಾಟವೆಂದು ಭಯಪಡುತ್ತಿದ್ದರು. 19ನೆಯ ಶತಮಾನದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಈ ಭಯ ಕೊಲೆಗೆ ತಿರುಗಿತು. 1835ರಲ್ಲಿ ಹಲವು ಮಂದಿ ಕುರುಂಬರು ಹತರಾದರು. ಯಾರ ರಕ್ಷೆಯನ್ನು ಬೇಡುತ್ತಿದ್ದರೋ ಅವರನ್ನೇ ಕೊಂದರು. ಏಕಾಂತದಲ್ಲಿ ಬಾಳುವ ಸಮುದಾಯಗಳನ್ನು ಬರಿಯ ಹಾಡಿನ ವಸ್ತುವಾಗಿ ಹೊಗಳುವವರು ಇದನ್ನು ಮರೆಯಬಾರದು. ಒಟ್ಟಿಗೆ ಬೆಂಕಿ ಕಾಯಿಸುವವರೇ ಒಬ್ಬನನ್ನು ಹೊರಗೆ ನಿಲ್ಲಿಸಲೂ ಬಲ್ಲರು.

ಇಂದಿನ ವಿಜ್ಞಾನವೂ ಈ ಎರಡು ಮುಖಗಳನ್ನು ಕಂಡಿದೆ. ಅಂಟಾರ್ಕ್ಟಿಕ ಖಂಡದಲ್ಲಿ ಭಾರತವು 1989ರಲ್ಲಿ ಮೈತ್ರಿ, 2012ರಲ್ಲಿ ಭಾರತಿ ಎಂಬ ಸಂಶೋಧನ ಕೇಂದ್ರಗಳನ್ನು ತೆರೆಯಿತು. ಅಲ್ಲಿ ಚಳಿಗಾಲವನ್ನು ಕಳೆಯುವ ಕೆಲವೇ ಮಂದಿಗೆ ಸುಮಾರು ಎರಡು ತಿಂಗಳು ಸೂರ್ಯದರ್ಶನವೇ ಇಲ್ಲ. ಹಡಗಾಗಲಿ ವಿಮಾನವಾಗಲಿ ಸುಲಭವಾಗಿ ಬರುವಂತಿಲ್ಲ. ಹಲವು ದೇಶಗಳ ಇಂತಹ ಕೇಂದ್ರಗಳಲ್ಲಿ ಇದ್ದು ಬಂದವರನ್ನು ಪರೀಕ್ಷಿಸಿದ ಮನಶ್ಶಾಸ್ತ್ರಜ್ಞರು ನಿದ್ರೆ ಕೆಡುವುದು, ಮನಸ್ಸು ಕುಗ್ಗುವುದು, ಸಣ್ಣ ಮಾತಿಗೆ ಸಿಡುಕುವುದು, ಮಾತಿನ ನಡುವೆ ಶೂನ್ಯವನ್ನು ದಿಟ್ಟಿಸಿ ಕೂರುವುದು ಇವನ್ನು ಗುರುತಿಸಿದ್ದಾರೆ. ಅವಧಿಯ ಅರ್ಧ ಕಳೆದ ಮೇಲೆ, ಕೊನೆ ಇನ್ನೂ ದೂರವಿರುವಾಗ, ಈ ಕಷ್ಟ ಹೆಚ್ಚುತ್ತದೆಂದು ಕೆಲವರು ಹೇಳುತ್ತಾರೆ. ಚಳಿಗಿಂತಲೂ ಕತ್ತಲೆಯೂ, ದಿನದಿನವೂ ಅವೇ ಮುಖಗಳನ್ನು ನೋಡಬೇಕಾದ ಬೇಸರವೂ ಮನುಷ್ಯನನ್ನು ಬಾಧಿಸುತ್ತವೆ. ಬೆಳಕು ಕಡಮೆಯಾಗುವ ಚಳಿಗಾಲದಲ್ಲಿ ವರ್ಷವರ್ಷವೂ ಬರುವ ಮನಸ್ಸಿನ ಖಿನ್ನತೆಯನ್ನು 1984ರಲ್ಲಿ ಅಮೆರಿಕದ ರೋಸೆಂತಾಲ್ ಮತ್ತು ಅವರ ಸಂಗಡಿಗರು ಒಂದು ರೋಗವೆಂದು ವಿವರಿಸಿ, ಪ್ರಖರವಾದ ಬೆಳಕಿನಿಂದಲೇ ಅದಕ್ಕೆ ಚಿಕಿತ್ಸೆಯುಂಟೆಂದು ತೋರಿಸಿದರು. ಇಲ್ಲಿರುವ ತಂದೆತಾಯಿಗಳಿಗೆ ನನ್ನದೊಂದು ವಿಜ್ಞಾಪನೆ: ಹಿಮದ ದೇಶದಲ್ಲಿರುವ ಮಗನೋ ಮಗಳೋ ನವೆಂಬರ್ ಕಳೆದ ಮೇಲೆ ಮಾತು ಕಡಮೆ ಮಾಡಿದರೆ ‘ನಮ್ಮನ್ನು ಮರೆತರು’ ಎಂದು ನೊಂದುಕೊಳ್ಳಬೇಡಿರಿ. ಅಲ್ಲಿ ಮಧ್ಯಾಹ್ನವೇ ಕತ್ತಲಾಗುವ ದಿನಗಳುಂಟು. ಸ್ವಲ್ಪ ಹೆಚ್ಚಾಗಿ ಮಾತನಾಡಿಸಿರಿ. ಹಗಲು ಹೊರಗೆ ನಡೆಯಲು ಹೇಳಿರಿ. ಬೇಕಾದರೆ ವೈದ್ಯರನ್ನು ಕಾಣಲು ಹೇಳಿರಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಚಳಿಗಾಲವನ್ನು ಕೂಟದ ಕಾಲವನ್ನಾಗಿ ಮಾಡಿಕೊಂಡು ಗೆದ್ದ ಜನರೂ ಇದ್ದಾರೆ. ಉತ್ತರ ಧ್ರುವದ ಜನ ಬೇಸಗೆಯಲ್ಲಿ ಚದರಿ, ಚಳಿಗಾಲದಲ್ಲಿ ಒಂದೆಡೆ ಸೇರಿ, ಪೂಜೆ, ಕಥೆ, ಕುಣಿತಗಳಲ್ಲಿ ಕಾಲ ಕಳೆಯುತ್ತಿದ್ದುದನ್ನು ಫ್ರಾನ್ಸಿನ ಮೋಸ್ ಎಂಬ ವಿದ್ವಾಂಸರು 20ನೆಯ ಶತಮಾನದ ಆರಂಭದಲ್ಲಿಯೇ ವಿವರಿಸಿದರು. ನಮ್ಮ ದೇಶದ ಲಡಾಖಿನಲ್ಲಿ, ಮಳೆಯೇ ಬಾರದ ಆ ಶೀತದ ಮರಳುಗಾಡಿನಲ್ಲಿ, ಹಿಮ ಕರಗಿದ ನೀರನ್ನು ಹೊಲಹೊಲಕ್ಕೆ ಸರದಿಯಂತೆ ಹಂಚಲು ‘ಛುರ್‌ಪೋನ್’ ಎಂಬವನನ್ನು ಊರವರು ನೇಮಿಸುತ್ತಾರೆ. ಇದನ್ನು ಕೇಳಿದ ಕೂಡಲೇ ನಮ್ಮ ಕೆರೆಯ ನೀರುಗಂಟಿಯು ತಮ್ಮ ಕಣ್ಣಮುಂದೆ ಬರಲಿಲ್ಲವೆ? ಲಡಾಖು ಹಿಮದ ನಾಡು, ಮಡಕಶಿರ ಬಿಸಿಲ ನಾಡು. ಆದರೂ ಎರಡೂ ಕಡೆ ಒಬ್ಬನೇ ಮನುಷ್ಯ, ಒಂದೇ ಕೆಲಸ. ಏಕೆಂದರೆ ಪ್ರಶ್ನೆ ಎರಡೂ ಕಡೆ ಒಂದೇ: ಸಾಲದ ನೀರನ್ನು ಜಗಳವಿಲ್ಲದೆ ಹಂಚುವುದು ಹೇಗೆ? ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬಿದ್ದರೆ ಪುಣ್ಯವೆನ್ನುವ ಈ ಸೀಮೆಯಲ್ಲಿ ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ಹುಗಿದಿಟ್ಟು ಬರಗಾಲವನ್ನು ಎದುರಿಸಿದರು. ಕುರಿಯ ಹಿಂದೆ ತಿಂಗಳುಗಟ್ಟಲೆ ಅಲೆಯುವ ಕುರುಬ ಬಂಧುಗಳು ಒಂದೇ ಕಂಬಳಿಯಲ್ಲಿ ಬಿಸಿಲು, ಮಳೆ, ಚಳಿ ಮೂರನ್ನೂ ಕಳೆದರು. ಬೆಟ್ಟದ ಜನರಿಗೆ ಚಳಿ ಕಲಿಸಿದ್ದನ್ನೇ ನಮಗೆ ಬರ ಕಲಿಸಿತು. ಬಡಗರ ಊರಿಗೂ ‘ಹಟ್ಟಿ’ಯೆಂದೇ ಹೆಸರು, ನಮ್ಮ ಗೊಲ್ಲರ ಊರಿಗೂ ‘ಹಟ್ಟಿ’ಯೆಂದೇ ಹೆಸರು ಎಂಬುದು ಬರಿಯ ಮಾತಿನ ಹೋಲಿಕೆಯಾಗಿ ನನಗೆ ತೋರುವುದಿಲ್ಲ.

ಇನ್ನು, ದೂರವೇ ಇಲ್ಲವಾದಾಗ ಏನಾಗುತ್ತದೆಂಬುದನ್ನು ನೋಡಬೇಕು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲ್ಲಿವನ್ ಬೆಟ್ಟವನ್ನೇರಿದನು. ಅನಂತರ ಉದಕಮಂಡಲ ಬೆಳೆಯಿತು. ಅದು ಮದರಾಸು ಸರ್ಕಾರದ ಬೇಸಗೆಯ ರಾಜಧಾನಿಯಾಯಿತು. ಆಲೂಗಡ್ಡೆ, ಕೋಸು, ಚಹ ಬಂದುವು. 1899ರಲ್ಲಿ ಕೂನೂರಿಗೆ, 1908ರಲ್ಲಿ ಉದಕಮಂಡಲಕ್ಕೆ ರೈಲು ಹತ್ತಿತು. ಧಾನ್ಯ ಬೆಳೆದು ಕೋತನಿಗೆ ಕೊಡುತ್ತಿದ್ದ ಬಡಗನು ತರಕಾರಿ, ಚಹಗಳನ್ನು ಬೆಳೆದು ಪೇಟೆಗೆ ಮಾರತೊಡಗಿದನು. ಕುಡುಗೋಲು ಅಂಗಡಿಯಲ್ಲಿ ಸಿಕ್ಕಿತು. 1930ರ ದಶಕದ ಹೊತ್ತಿಗೆ ಆ ಹಳೆಯ ಕೊಡುಕೊಳ್ಳುವಿಕೆ ಬಹುಮಟ್ಟಿಗೆ ಮುರಿದುಬಿತ್ತು. ಚಳಿ ಮಾತ್ರ ಹಾಗೆಯೇ ಇದ್ದಿತು! ಚಳಿ ಬದಲಾಗದೆ ನಡೆ ಬದಲಾಯಿತೆಂದರೆ, ಆ ನಡೆಯನ್ನು ತಿದ್ದಿದ್ದರಲ್ಲಿ ದೂರದ ಪಾಲು ಚಳಿಯ ಪಾಲಿಗಿಂತ ಹೆಚ್ಚಾಗಿದ್ದಿತೆಂದೇ ಅರ್ಥವಲ್ಲವೆ?

ಎಲ್ಲವೂ ಅಳಿಯಲಿಲ್ಲ. ಡಿಸೆಂಬರ್–ಜನವರಿಯ ಚಳಿಯಲ್ಲಿ ಬಡಗರು ತಮ್ಮ ಮೂಲಮಾತೆಯಾದ ಹೆತ್ತೆಯ ಹಬ್ಬವನ್ನು ಇಂದಿಗೂ ಆಚರಿಸುತ್ತಾರೆ. ಪಟ್ಟಣಗಳಲ್ಲಿ ಉದ್ಯೋಗದಲ್ಲಿರುವವರೂ ಬಿಳಿಯ ಬಟ್ಟೆಯುಟ್ಟು ಬೇರಗಣಿ ಮೊದಲಾದ ಊರುಗಳಿಗೆ ಬರುತ್ತಾರೆ. ಕಿರಿಯನು ತಲೆಬಾಗುವುದು, ಹಿರಿಯನು ತಲೆಯ ಮೇಲೆ ಕೈಯಿಟ್ಟು ಹರಸುವುದು ಇವೂ ಉಳಿದಿವೆ. ಆದರೆ ನುಡಿಯ ವಿಷಯ ಹಾಗಿಲ್ಲ. 1846ರ ಸುಮಾರಿಗೆ ಕೇತಿಯಲ್ಲಿ ನೆಲೆಸಿದ ಬಾಸೆಲ್ ಮಿಷನ್ನಿನವರು ಬಡಗರ ನಡುವೆ ಕನ್ನಡವನ್ನು ಬಳಸಿದರು. 1890ರಲ್ಲಿ ಲೂಕನ ಸುವಾರ್ತೆಯನ್ನು ಬಡಗ ನುಡಿಯಲ್ಲಿ, ಕನ್ನಡ ಅಕ್ಷರಗಳಲ್ಲಿ ಅಚ್ಚುಮಾಡಿದರು. ಇಂದು ಅಲ್ಲಿಯ ಮಕ್ಕಳು ಓದುವುದು ತಮಿಳಿನಲ್ಲಿ ಮತ್ತು ಇಂಗ್ಲಿಷಿನಲ್ಲಿ. 2011ರ ಜನಗಣತಿಯಲ್ಲಿ ಬಡಗವನ್ನು ತಾಯ್ನುಡಿಯೆಂದು ಬರೆಸಿದವರು 1 ಲಕ್ಷ 33 ಸಾವಿರಕ್ಕೂ ಮಿಕ್ಕಿದ್ದರು. ನಾಲ್ಕು ಶತಮಾನ ಶಾಲೆಯಿಲ್ಲದೆ, ಗ್ರಂಥವಿಲ್ಲದೆ ಉಳಿದ ನುಡಿ ಅದು. ಅದನ್ನು ಅಲ್ಲಿಯವರೆಗೆ ಕಾಪಾಡಿದ್ದು ದಾರಿಯಿಲ್ಲದ ಬೆಟ್ಟ. ಇನ್ನು ಮುಂದೆ ಅದನ್ನು ಕಾಪಾಡಬೇಕಾದವರು ಮನೆಯವರೇ. ಆ ಬೆಟ್ಟದ ಜನರಲ್ಲಿ ಈ ಅರಿವು ಮೂಡಿದೆ; ತಮ್ಮ ಹಾಡನ್ನೂ ಕಥೆಯನ್ನೂ ಬರೆದಿಡುವ, ಮುದ್ರಿಸಿ ಹಂಚುವ ಕೆಲಸಕ್ಕೆ ಅವರು ಕೈಹಾಕಿದ್ದಾರೆ.

ಮಹನೀಯರೇ, ನಮ್ಮ ಸ್ಥಿತಿಯನ್ನು ಇದರೊಡನೆ ಹೋಲಿಸಿ ನೋಡೋಣ. ಈ ಮಣ್ಣಿಗೆ ಕನ್ನಡ ಹೊಸದಲ್ಲ. ಪಕ್ಕದ ಹೇಮಾವತಿಯು ಹೆಂಜೇರುವೆಂಬ ಹೆಸರಿನಿಂದ ನೊಳಂಬರಸರ ರಾಜಧಾನಿಯಾಗಿತ್ತು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಅನಂತಪುರ ಜಿಲ್ಲೆಯೊಡನೆ ಮಡಕಶಿರ ಅಲ್ಲಿ ಸೇರಿತು. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗವೂ ಆಗ ಅತ್ತ ಸೇರಿತು. 2022ರಲ್ಲಿ ಮಡಕಶಿರವು ಶ್ರೀ ಸತ್ಯಸಾಯಿ ಜಿಲ್ಲೆಯ ಭಾಗವಾಯಿತು. ಜಿಲ್ಲೆಯ ಹೆಸರು ಬದಲಾದರೂ ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿಗಳ ಮನೆಮಾತು ಬದಲಾಗಲಿಲ್ಲ. ನಮ್ಮನ್ನು ಕಾಪಾಡಲು ಬೆಟ್ಟದ ಕೋಟೆಯಿಲ್ಲ, ಎಂದೂ ಇರಲಿಲ್ಲ. ತೆಲುಗು ಬಂಧುಗಳೊಡನೆ ಒಂದೇ ಸಂತೆಯಲ್ಲಿ, ಒಂದೇ ಕೆರೆಯ ಕೆಳಗೆ, ಎರಡು ನುಡಿಗಳನ್ನೂ ಆಡುತ್ತ ಬಾಳಿದವರು ನಾವು. ಇದು ನಮ್ಮ ದೌರ್ಬಲ್ಯವೆಂದು ನಾನು ಭಾವಿಸುವುದಿಲ್ಲ. ದೂರವಿದ್ದುದರಿಂದ ಉಳಿದ ನುಡಿಗೆ ದಾರಿ ಬಂದ ದಿನ ಪರೀಕ್ಷೆ; ನಮ್ಮ ನುಡಿಯಾದರೋ ದಾರಿಯ ನಡುವೆಯೇ ನಿಂತು ದಿನದಿನವೂ ಆ ಪರೀಕ್ಷೆಯನ್ನು ಕೊಡುತ್ತ ಬಂದಿದೆ. ಆದರೆ ಆ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದು ತಾನಾಗಿ ನಡೆಯುವ ಕೆಲಸವಲ್ಲ. ಮಗುವನ್ನು ಕನ್ನಡ ಶಾಲೆಗೆ ಕಳುಹಿಸುವ ತಂದೆ, ಸಂಜೆ ಕಥೆ ಹೇಳುವ ಅಜ್ಜಿ, ಹಬ್ಬಕ್ಕೆ ಊರಿಗೆ ಬರುವ ಮಗಳು, ಇವರ ನಡೆಯಲ್ಲಿ ಅದು ದಿನವೂ ನಿರ್ಣಯವಾಗುತ್ತದೆ.

ಚಳಿನಾಡಿನ ಬಾಳಿನಿಂದ ನಾವು ಕಲಿಯಬೇಕಾದದ್ದು ಇಷ್ಟು: ಕಷ್ಟದ ಹವೆಯಲ್ಲಿ ಮನುಷ್ಯನನ್ನು ಉಳಿಸುವುದು ಕೂಡಿಟ್ಟ ಕಾಳು, ಬಿಗಿಹಿಡಿದ ನಾಲಗೆ, ದಾರಿತಪ್ಪಿದವನಿಗೆ ತೆರೆದ ಬಾಗಿಲು. ಕೆಡಿಸುವುದು ನೆರೆಯವನ ಮೇಲಿನ ಸಂಶಯ. ಇವನ್ನು ಚಳಿ ಅವರಿಗೆ ಬಲವಂತವಾಗಿ ಕಲಿಸಿತು. ಬಲವಂತವಿಲ್ಲದ ಕಾಲದಲ್ಲಿಯೂ ಇವನ್ನು ನಾವು ನೆನಪಿಟ್ಟು ನಡೆದರೆ, ಅದೇ ಸಂಸ್ಕೃತಿ. ನೀಲಗಿರಿಯ ಪಾಪದ ಪಟ್ಟಿಯನ್ನು ಇಲ್ಲಿಯ ಮಕ್ಕಳೂ ಒಮ್ಮೆ ಕೇಳಲಿ. ಗಡಿಯ ಊರಿನಲ್ಲಿ ದಾರಿ ಕೇಳುವವನು ಯಾವ ಭಾಷೆಯಲ್ಲಿ ಕೇಳಿದರೂ ಸರಿಯಾದ ದಾರಿಯನ್ನೇ ತೋರಿಸುವುದು ನಮ್ಮ ನಡೆಯಾಗಲಿ.